ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್: ಕರಾವಳಿ, ಮಲೆನಾಡಿನ ಬೈಕ್ ಸವಾರರಿಗೆ

(ಕರಾವಳಿಯ ಬೈಕ್ ಸವಾರರು, ಗ್ಯಾರೇಜ್ ಹುಡುಗರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರ ಬೈಕಿಗೆ ಮುಂದೆ ಡಿಸ್ಕ್ ಬ್ರೇಕ್ ಇದೆ. ಬಲಗೈ ಹಿಡಿಕೆಯ ಪಕ್ಕ ಬ್ರೇಕ್ ಆಯಿಲಿನ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಎರಡು ಮೂರು ಸಾಲು ಇರುತ್ತದೆ. ದಿನಾ ಕಣ್ಣಿಗೆ ಬೀಳುತ್ತದೆ, ಓದಿದವರು ಕಡಿಮೆ. ಸಾಮಾನ್ಯವಾಗಿ ಅಲ್ಲಿ ಇರುವುದು ಇಷ್ಟು: ತೆಗೆಯುವ ಮುಂಚೆ ಮುಚ್ಚಳ ಒರೆಸಿ. ಡಾಟ್ 4 ಬ್ರೇಕ್ ಆಯಿಲ್ ಮಾತ್ರ ಹಾಕಿ. ಅದನ್ನೂ ಸೀಲ್ ಇರುವ ಬಾಟಲಿಯಿಂದಲೇ ಹಾಕಿ. ಬೈಕಿನ ಬೇರೆ ಎಷ್ಟೋ ಸೂಚನೆಗಳು ಪುಸ್ತಕದ ಒಳಗಿರುತ್ತವೆ. ಇದನ್ನು ಮಾತ್ರ ಮುಚ್ಚಳದ ಮೇಲೇ ಅಚ್ಚು ಹಾಕಿದ್ದಾರೆ. ಸೀಲ್ ಒಡೆದ ಬಾಟಲಿಯ ಬಗ್ಗೆ ಅಷ್ಟು ಹೆದರಿಕೆ ಯಾಕೆ? ಗಾಳಿಯಲ್ಲಿರುವ ನೀರಿಗಾಗಿ.

ನಾನು ಇವತ್ತು ಹೇಳಬೇಕಾದ್ದು ಒಂದೇ ಮಾತು. ಹೆಚ್ಚಿನ ಬೈಕ್ ಕಂಪನಿಗಳು ಬ್ರೇಕ್ ಆಯಿಲನ್ನು 2 ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತವೆ. ನಮ್ಮ ಕರಾವಳಿಯಲ್ಲಿ, ಘಟ್ಟದ ಬುಡದಲ್ಲಿ, ಮಲೆನಾಡಿನಲ್ಲಿ ಅದನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಅದೂ ಕಿಲೋಮೀಟರ್ ನೋಡಿ ಅಲ್ಲ, ಕ್ಯಾಲೆಂಡರ್ ನೋಡಿ. ಯಾವ ತಿಂಗಳಲ್ಲಿ ಮಾಡಿದರೆ ಒಳ್ಳೆಯದು ಅನ್ನುವುದಕ್ಕೂ ನನ್ನದೊಂದು ಅಭಿಪ್ರಾಯ ಇದೆ, ಮುಂದೆ ಹೇಳುತ್ತೇನೆ.

ಮೊದಲು ಡಬ್ಬಿಯೊಳಗೆ ಏನಿದೆ ನೋಡೋಣ. ಎಲ್ಲರೂ ಬ್ರೇಕ್ ಆಯಿಲ್ ಅಂತೀವಿ. ಆದರೆ ಇದು ಎಂಜಿನ್ ಆಯಿಲಿನ ಜಾತಿಯಲ್ಲ. ಗ್ಲೈಕಾಲ್ ಈಥರ್ ಅನ್ನುವ ರಾಸಾಯನಿಕಗಳ ಮಿಶ್ರಣ. ಡಾಟ್ 4ರಲ್ಲಿ ಬೋರೇಟ್ ಎಸ್ಟರ್ ಕೂಡ ಸೇರಿರುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಮುಚ್ಚಿಟ್ಟರೂ ಪಸೆ ಹಿಡಿಯುತ್ತದಲ್ಲ, ಈ ದ್ರವವೂ ಹಾಗೇ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ನೀರು ಎಳೆಯುವಂಥದ್ದನ್ನು ಬ್ರೇಕಿಗೆ ಯಾಕೆ ಹಾಕಿದರು ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣ ಇದೆ. ಎಷ್ಟೇ ಭದ್ರ ಮಾಡಿದರೂ ಬ್ರೇಕಿನೊಳಗೆ ಸ್ವಲ್ಪ ನೀರು ಸೇರಿಯೇ ಸೇರುತ್ತದೆ. ದ್ರವದಲ್ಲಿ ಅದು ಕರಗದಿದ್ದರೆ ಹನಿಯಾಗಿ ಉಳಿಯುತ್ತದೆ. ಹನಿ ಹೋಗಿ ಕೂರುವುದು ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ, ಅಂದರೆ ಚಕ್ರದ ಬಳಿ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್‌ನಲ್ಲಿ. ಬಿಸಿ ಜಾಸ್ತಿ ಇರುವುದೂ ಅಲ್ಲೇ. ಅಲ್ಲಿ ಆ ಹನಿ 100 ಡಿಗ್ರಿಗೇ ಕುದಿಯುತ್ತದೆ, ಸುತ್ತಲಿನ ಲೋಹವನ್ನೂ ತಿನ್ನುತ್ತದೆ. ದ್ರವದಲ್ಲಿ ಕರಗಿ ಹಂಚಿಹೋದರೆ ಅಷ್ಟು ಅಪಾಯ ಇಲ್ಲ. ಆದರೆ ಕರಗಿಸಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ಆ ಮಿತಿ ತಲುಪುವ ಮುಂಚೆ ಹಳೆಯದನ್ನು ತೆಗೆದು ಹೊಸದು ಹಾಕಬೇಕು. ಅಷ್ಟಕ್ಕೇ ಈ ಎಲ್ಲ ಮಾತು.

ನೀರು ಒಳಗೆ ಬರುವುದು ಎಲ್ಲಿಂದ? ಮುಚ್ಚಳ ತೆಗೆದರೆ ಕೆಳಗೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಕಾಣುತ್ತದೆ. ಪ್ಯಾಡ್ ಸವೆದಂತೆ ಆಯಿಲಿನ ಮಟ್ಟ ಇಳಿಯುತ್ತದೆ, ಜೊತೆಗೆ ಆ ರಬ್ಬರ್ ಕೂಡ ಬಿಚ್ಚಿಕೊಂಡು ಕೆಳಗಿಳಿಯುತ್ತದೆ. ಹೊರಗಿನ ಗಾಳಿ ಆಯಿಲನ್ನು ನೇರವಾಗಿ ಮುಟ್ಟದಂತೆ ತಡೆಯುವುದು ಅದರ ಕೆಲಸ. ಆದರೆ ರಬ್ಬರಿನ ಮೇಲ್ಬದಿಗೆ ಗಾಳಿ ಬರಲೇಬೇಕು, ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ದಾರಿ ಬಿಟ್ಟಿರುತ್ತಾರೆ. ರಬ್ಬರ್ ನೀರನ್ನು ತಡೆದರೂ ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಕ್ಕೆ ಬಿಡುತ್ತದೆ. ಲಿವರ್‌ನಿಂದ ಚಕ್ರದವರೆಗೆ ಬರುವ ರಬ್ಬರ್ ಪೈಪಿನದ್ದೂ ಅದೇ ಕತೆ. ಕ್ಯಾಲಿಪರ್ ಸೀಲ್‌ದೂ ಅದೇ. ಹಾಗಾಗಿ ಮುಚ್ಚಳವನ್ನು ಒಮ್ಮೆಯೂ ತೆಗೆಯದ ಬೈಕಿನ ಆಯಿಲಿಗೂ ನೀರು ಸೇರುತ್ತದೆ.

ಇನ್ನು ಲೆಕ್ಕ. ಡಾಟ್ ಅನ್ನುವುದು ಅಮೆರಿಕದ ಸಾರಿಗೆ ಇಲಾಖೆಯ ಗುಣಮಟ್ಟದ ಹೆಸರು. ಅದರ ಪ್ರಕಾರ ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಅದೇ ಆಯಿಲ್ ಸುಮಾರು 3.7 ಪ್ರತಿಶತ ನೀರು ಕುಡಿದ ಮೇಲೆ 155 ಡಿಗ್ರಿವರೆಗೆ ತಡೆದರೆ ಸಾಕು. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಡಾಟ್ 5.1ಕ್ಕೆ 260 ಮತ್ತು 180.

3.7 ಪ್ರತಿಶತ ಅಂದರೆ ಎಷ್ಟು? ಬೈಕಿನ ಮುಂದಿನ ಬ್ರೇಕಿನಲ್ಲಿ, ಡಬ್ಬಿ, ಪೈಪು, ಕ್ಯಾಲಿಪರ್ ಎಲ್ಲ ಸೇರಿ 100 ಮಿಲಿಲೀಟರ್ ಆಯಿಲ್ ಇದೆ ಅಂತ ಇಟ್ಟುಕೊಳ್ಳಿ. ಎಷ್ಟೋ ಬೈಕಲ್ಲಿ ಅಷ್ಟೂ ಇರುವುದಿಲ್ಲ. ಅದರಲ್ಲಿ 3.7 ಮಿಲಿಲೀಟರ್ ನೀರು, ಅಂದರೆ ಟೀ ಚಮಚವೂ ತುಂಬುವುದಿಲ್ಲ. ಅಷ್ಟು ನೀರಿಗೆ 75 ಡಿಗ್ರಿ ಹೋಯಿತು. ಇದರಲ್ಲೂ ಒಂದು ವಿಷಯ ಗಮನಿಸಿ. ಕುದಿಯುವ ಬಿಂದು ಒಂದೇ ಸಮನಾಗಿ ಇಳಿಯುವುದಿಲ್ಲ. ಮೊದಲ ಒಂದೆರಡು ಪ್ರತಿಶತ ನೀರಿಗೇ ದೊಡ್ಡ ಇಳಿತ ಆಗಿಹೋಗುತ್ತದೆ. ಹಾಗಾಗಿ "ಇನ್ನೂ ಅರ್ಧ ಆಯುಷ್ಯ ಇದೆ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

155 ಡಿಗ್ರಿ ಕಡಿಮೆಯೇನಲ್ಲ, ಅಷ್ಟು ಬಿಸಿ ಎಲ್ಲಿ ಆಗುತ್ತದೆ ಅಂತ ಕೇಳಬಹುದು. ಊರೊಳಗೆ ಆಗುವುದಿಲ್ಲ, ನಿಜ. ಆದರೆ ನಮಗೆಲ್ಲ ಘಾಟಿ ಇದೆಯಲ್ವಾ? ಆಗುಂಬೆಯನ್ನೇ ತಗೊಳ್ಳಿ. ಮೇಲಿಂದ ಸೋಮೇಶ್ವರದ ಕಡೆಗೆ 14 ಹೇರ್‌ಪಿನ್ ತಿರುವು. ಬೈಕು 150 ಕಿಲೋ, ಇಬ್ಬರು ಸೇರಿ 130, ಚೀಲ ಗೀಲ ಅಂತ 20. ಒಟ್ಟು 300 ಕಿಲೋ. ಸುಮಾರು 500 ಮೀಟರ್ ಎತ್ತರದಿಂದ ಇಳಿದರೆ ಹೆಚ್ಚೂಕಡಿಮೆ 15 ಲಕ್ಷ ಜೌಲ್ ಶಕ್ತಿ ಎಲ್ಲಾದರೂ ಹೋಗಬೇಕು. 27 ಡಿಗ್ರಿಯ ಸುಮಾರು 5 ಲೀಟರ್ ಬಾವಿ ನೀರನ್ನು ಕುದಿ ಬರಿಸುವಷ್ಟು ಶಾಖ ಅದು. ಸ್ವಲ್ಪ ಗಾಳಿಗೆ ಹೋಗುತ್ತದೆ. ಎರಡನೇ ಮೂರನೇ ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಎಂಜಿನ್ ತಡೆಯುತ್ತದೆ. ಉಳಿದದ್ದು ಎರಡು ಡಿಸ್ಕಿಗೆ. ಪೆಟ್ರೋಲ್ ಉಳಿಯಲಿ ಅಂತ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಅವರ ಬೈಕಿನಲ್ಲಿ ಎಂಜಿನ್ ತಡೆಯಬೇಕಿದ್ದ ಪಾಲೂ ಬ್ರೇಕಿನ ತಲೆಗೇ ಬೀಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಉಳಿಯುವುದು ಹತ್ತಿಪ್ಪತ್ತು ರೂಪಾಯಿಯೂ ಅಲ್ಲ.

ಹೆಚ್ಚು ಬಿಸಿಯಾಗುವುದು ಹಿಂದಿನ ಬ್ರೇಕ್. ಇಳಿಜಾರಿನಲ್ಲಿ ತುಂಬಾ ಜನ ಬಲಗಾಲನ್ನು ಪೆಡಲ್ ಮೇಲೆ ಇಟ್ಟೇ ಬಿಡುತ್ತಾರೆ. ಹಿಂದಿನ ಡಿಸ್ಕ್ ಚಿಕ್ಕದು, ಆಯಿಲೂ ಕಡಿಮೆ, ಗಾಳಿ ತಾಗುವುದೂ ಕಡಿಮೆ. ತಿರುವಿನಿಂದ ತಿರುವಿಗೆ ಸತತ ಒತ್ತಿ ಹಿಡಿದರೆ ಶಾಖ ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ.

ಈಗ ಒಳಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ನೀವು ಲಿವರ್ ಒತ್ತಿ ಹಿಡಿದಿರುವಾಗ ಆಯಿಲ್ ಮೇಲೆ ಒತ್ತಡ ಇರುತ್ತದೆ. ಒತ್ತಡ ಇದ್ದಾಗ ಸುಲಭಕ್ಕೆ ಕುದಿಯುವುದಿಲ್ಲ. ತಿರುವು ಮುಗಿಯಿತು, ಲಿವರ್ ಬಿಟ್ಟಿರಿ, ಒತ್ತಡ ಹೋಯಿತು. ಕ್ಯಾಲಿಪರ್‌ನಲ್ಲಿ ಬಿಸಿ ಹಾಗೇ ಇದೆ. ಆಗ ಕುದಿಯುತ್ತದೆ. ಆವಿಯ ಗುಳ್ಳೆ ಏಳುತ್ತದೆ. ಮುಂದಿನ ತಿರುವಿಗೆ ಮತ್ತೆ ಲಿವರ್ ಹಿಡಿಯುತ್ತೀರಿ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕೈಯ ಬಲವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ, ಪ್ಯಾಡಿಗೆ ತಲುಪುವುದಿಲ್ಲ. ಲಿವರ್ ಹೋಗಿ ಹಿಡಿಕೆಗೆ ತಾಗುತ್ತದೆ. ಬೈಕಿನ ಲಿವರ್ ಪೂರ್ತಿ ಎಳೆದರೂ ಮಾಸ್ಟರ್ ಸಿಲಿಂಡರ್, ಅಂದರೆ ಲಿವರ್ ಬುಡದ ಪಂಪು, ತಳ್ಳುವುದು 2 ಮಿಲಿಲೀಟರ್ ಆಸುಪಾಸಿನ ಆಯಿಲ್ ಮಾತ್ರ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಅಂದರೆ ಒಂದು ಹನಿಯ ಸಣ್ಣ ಚೂರು ಆವಿಯಾದರೂ ಸಾಕು, ಬ್ರೇಕ್ ಹೋಯಿತು.

ಘಾಟಿ ಇಳಿದು ಚಹಾಕ್ಕೆ ಅಂತ ನಿಲ್ಲಿಸುತ್ತೀರಿ. ಓಡುವಾಗ ಡಿಸ್ಕಿಗೆ ಗಾಳಿ ತಾಗುತ್ತಿತ್ತು, ನಿಂತ ಮೇಲೆ ಅದೂ ಇಲ್ಲ. ಡಿಸ್ಕ್, ಪ್ಯಾಡ್‌ನಲ್ಲಿದ್ದ ಬಿಸಿ ನಿಧಾನಕ್ಕೆ ಕ್ಯಾಲಿಪರ್ ಒಳಗೆ ಇಳಿಯುತ್ತದೆ. ಹಾಗಾಗಿ ನಿಂತ ಕೆಲವು ನಿಮಿಷಗಳಲ್ಲೇ ಆಯಿಲ್ ಇನ್ನಷ್ಟು ಬಿಸಿಯಾಗಬಹುದು. ಚಹಾ ಮುಗಿಸಿ ಹೊರಡುವ ಮುಂಚೆ ಎರಡೂ ಬ್ರೇಕನ್ನು ಒಮ್ಮೆ ಒತ್ತಿ ನೋಡಿ. ಮೆತ್ತಗಿದೆ ಅನ್ನಿಸಿದರೆ ಹೊರಡಬೇಡಿ, ಪೂರ್ತಿ ತಣಿಯಲಿ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಲಿವರ್ ಹೆಚ್ಚೂಕಡಿಮೆ ಮೊದಲಿನ ಹಾಗೇ ಗಟ್ಟಿಯಾಗುತ್ತದೆ. ತೊಂದರೆ ಇರುವುದು ಇಲ್ಲೇ. ಮರುದಿನ ಗ್ಯಾರೇಜಿಗೆ ಬಂದು "ಅಣ್ಣ, ನಿನ್ನೆ ಬ್ರೇಕೇ ಹಿಡಿಯಲಿಲ್ಲ" ಅಂತಾರೆ. ಒತ್ತಿ ನೋಡಿದರೆ ಎಲ್ಲ ಸರಿ ಇರುತ್ತದೆ. ಹುಡುಗ ಪ್ಯಾಡ್ ಉಜ್ಜಿ ಕಳಿಸುತ್ತಾನೆ. ಗ್ಯಾರೇಜ್ ನಡೆಸುವವರಿಗೆ ನನ್ನ ಕೋರಿಕೆ: ಘಾಟಿಯಲ್ಲಿ ಬ್ರೇಕ್ ಮೆತ್ತಗಾಯಿತು ಅಂತ ಯಾರಾದರೂ ಬಂದರೆ, ಆಯಿಲ್ ಬದಲಿಸಿ ಎಷ್ಟು ದಿನ ಆಯಿತು ಅಂತ ಮೊದಲು ಕೇಳಿ.

ಘಾಟಿಗೇ ಹೋಗದವರಿಗೆ ಇದು ಬೇಡವಾ? ಬೇಕು. ಅವರ ಕಷ್ಟ ಬೇರೆ. ಆಯಿಲಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಸ್ವಲ್ಪ ಸೇರಿಸಿರುತ್ತಾರೆ. ವರ್ಷ ಕಳೆದಂತೆ ಅದು ಖರ್ಚಾಗುತ್ತದೆ, ಆ ಹೊತ್ತಿಗೆ ನೀರು ಜಾಸ್ತಿಯಾಗಿರುತ್ತದೆ. ಪ್ಯಾಡನ್ನು ತಳ್ಳುವ ಕ್ಯಾಲಿಪರ್ ಪಿಸ್ಟನ್ ಮೇಲೆ ಸೂಜಿಮೊನೆಯಷ್ಟು ಗುಳಿ ಬೀಳುತ್ತವೆ. ಗುಳಿಯ ಅಂಚು ಸೀಲನ್ನು ಕೆರೆಯುತ್ತದೆ. ಪಿಸ್ಟನ್ ಸರಾಗ ಹಿಂದೆ ಬರುವುದಿಲ್ಲ, ಪ್ಯಾಡ್ ಸವೆಯುತ್ತಲೇ ಇರುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಡಬ್ಬಿಯ ತಳದಲ್ಲಿರುವ ಒಂದು ತೂತು. ಡಬ್ಬಿ ಖಾಲಿ ಮಾಡಿ ಟಾರ್ಚ್ ಹಿಡಿದು ನೋಡಿದರೆ ಎರಡು ತೂತು ಕಾಣುತ್ತವೆ. ಒಂದು ದೊಡ್ಡದು, ಇನ್ನೊಂದು ಸೂಜಿ ತೂರುವಷ್ಟು ಚಿಕ್ಕದು. ಕೆಲವು ಬೈಕಿನಲ್ಲಿ ಮೇಲೆ ಸಣ್ಣ ತಗಡಿನ ಮರೆ ಇರುತ್ತದೆ. ಲಿವರ್ ಬಿಟ್ಟಾಗ ಉಳಿದ ಒತ್ತಡ ಆ ಚಿಕ್ಕ ತೂತಿನಿಂದಲೇ ಡಬ್ಬಿಗೆ ವಾಪಸ್ ಬರಬೇಕು. ವರ್ಷಗಟ್ಟಲೆ ಬಿಟ್ಟ ಆಯಿಲ್ ತಳದಲ್ಲಿ ಕಂದು ಬಣ್ಣದ ಅಂಟಂಟು ಗಸಿ ಕಟ್ಟುತ್ತದೆ. ಅದು ಹೋಗಿ ಆ ತೂತನ್ನು ಮುಚ್ಚಿದರೆ ಒತ್ತಡ ವಾಪಸ್ ಬರುವುದಿಲ್ಲ. ಬ್ರೇಕ್ ತಾನಾಗಿ ಹಿಡಿದುಕೊಂಡೇ ಇರುತ್ತದೆ. ಬೈಕ್ ಭಾರ ಅನ್ನಿಸುತ್ತದೆ, ಮೈಲೇಜ್ ಇಳಿಯುತ್ತದೆ. ಡಿಸ್ಕ್ ಬಿಸಿಯಾಗಿ ಆಯಿಲ್ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬ್ರೇಕ್ ಇನ್ನೂ ಬಿಗಿ ಹಿಡಿಯುತ್ತದೆ. ಸಮತಟ್ಟಾದ ರಸ್ತೆಯಲ್ಲೇ ಆಯಿಲ್ ಕುದಿಯುವ ಮಟ್ಟಕ್ಕೆ ಹೋಗಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಕಂಪನಿ ಹೇಳಿದ 2 ವರ್ಷ ತಪ್ಪಾ? ತಪ್ಪಲ್ಲ. ಅದು ಎಲ್ಲ ಊರಿಗೂ ಸೇರಿಸಿ ಹೇಳಿದ ಮಾತು. ಕಲಬುರಗಿಯಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಬಿಸಿ, 20 ಪ್ರತಿಶತ ತೇವ ಅಂತ ಇಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರು ಇರುತ್ತದೆ. ಮಂಗಳೂರಿನಲ್ಲಿ 30 ಡಿಗ್ರಿ, 85 ಪ್ರತಿಶತ ತೇವ ಇದ್ದರೆ ಅಷ್ಟೇ ಗಾಳಿಯಲ್ಲಿ ಸುಮಾರು 26 ಗ್ರಾಂ. ಎರಡೂವರೆ ಪಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ರಾತ್ರಿ ಇಂಥ ಗಾಳಿಯಲ್ಲೇ ನಮ್ಮ ಬೈಕ್ ನಿಂತಿರುತ್ತದೆ. ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ಬಿಸಿ ಕಡಿಮೆ, ತೇವ ನಮಗಿಂತ ಹೆಚ್ಚು. ಬಯಲುಸೀಮೆಯವರು 2 ವರ್ಷ ಬಿಡಲಿ, ನನ್ನ ತಕರಾರಿಲ್ಲ. ನಾವು ಬಿಡಬಾರದು.

ಕಿಲೋಮೀಟರ್ ಯಾಕೆ ನೋಡಬಾರದು ಅಂದೆನಲ್ಲ, ಅದಕ್ಕೆ ನಮ್ಮ ಊರಿನ ಉದಾಹರಣೆಯೇ ಇದೆ. ಗಲ್ಫ್‌ನಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಒಂದು ಒಳ್ಳೆಯ ಬೈಕ್ ಇರುತ್ತದೆ. ವರ್ಷಕ್ಕೆ ಒಂದು ತಿಂಗಳು ರಜೆಗೆ ಬಂದಾಗ ಓಡುತ್ತದೆ. ಉಳಿದ 11 ತಿಂಗಳು ಶೀಟ್ ಹೊದ್ದು ಅಂಗಳದ ಚಪ್ಪರದಲ್ಲಿ ನಿಂತಿರುತ್ತದೆ. ಮೀಟರ್ ನೋಡಿದರೆ ಇನ್ನೂ ಹೊಸದು. ಬ್ರೇಕ್ ಆಯಿಲ್ ಮಾತ್ರ ದಿನಾ ಓಡುವ ಬೈಕಿನಷ್ಟೇ ಹಳೆಯದು. ಆ ಒಂದು ತಿಂಗಳಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳ, ಶೃಂಗೇರಿ, ಹೊರನಾಡು ಅಂತ ಘಾಟಿ ಹತ್ತಿ ಇಳಿಯುತ್ತಾರೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ, ಅವರು ಬರುವ ವಾರದ ಮುಂಚೆ ನೀವೇ ಆಯಿಲ್ ಬದಲಿಸಿ ಇಡಿ.

ಇನ್ನು ತಿಂಗಳ ಮಾತು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಮಾಡಬೇಕು ಅಂತ ಹೇಳುವವರು ಜಾಸ್ತಿ. ನಾನು ಮಳೆ ಮುಗಿದ ಮೇಲೆ ಅನ್ನುತ್ತೇನೆ. ಮಳೆಯಲ್ಲಿ ನಾವು ನಿಧಾನ ಓಡಿಸುತ್ತೇವೆ, ಡಿಸ್ಕಿಗೆ ನೀರು ಬಿದ್ದು ತಂಪಾಗಿಯೇ ಇರುತ್ತದೆ. ಆಗ ಆಯಿಲ್ ಕುದಿಯುವ ಭಯ ಕಡಿಮೆ, ನೀರು ಕುಡಿಯುವುದು ಜಾಸ್ತಿ. ದೂರದ ಪ್ರವಾಸ, ಜೋಡಿ ಸವಾರಿ, ಒಣ ರಸ್ತೆಯಲ್ಲಿ ಜೋರಾಗಿ ಘಾಟಿ ಇಳಿಯುವುದು, ಇದೆಲ್ಲ ಅಕ್ಟೋಬರ್‌ನಿಂದ ಮೇ ತನಕ. ಮಳೆಗಾಲದ ನೀರು ಕುಡಿದ ಆಯಿಲನ್ನು ಆಗಲೇ ತೆಗೆದು, ಪ್ರವಾಸದ ತಿಂಗಳುಗಳಿಗೆ ಹೊಸ ಆಯಿಲ್ ಇರುವುದು ಸರಿ. ಅದೇ ಹೊತ್ತಿಗೆ ಆಯುಧ ಪೂಜೆ ಬರುತ್ತದೆ. ಹೇಗೂ ಬೈಕ್ ತೊಳೆಯುತ್ತೀರಿ, ಒರೆಸುತ್ತೀರಿ, ಚೈನಿಗೆ ಎಣ್ಣೆ ಬಿಡುತ್ತೀರಿ. ಆ ವಾರದಲ್ಲಿ ಬ್ರೇಕ್ ಆಯಿಲೂ ಬದಲಾಗಲಿ. ದಿನಾಂಕ ಬರೆದಿಟ್ಟುಕೊಳ್ಳಬೇಕಾಗಿಲ್ಲ, ಮರೆಯುವುದೂ ಇಲ್ಲ.

ಕೆಲಸ ದೊಡ್ಡದಲ್ಲ. ಆದರೂ ನಮ್ಮಲ್ಲಿ ಇದು ಯಾಕೆ ನಡೆಯುವುದಿಲ್ಲ? ನಾನು ಕಂಡ ಮಟ್ಟಿಗೆ ದೊಡ್ಡ ಕಾರಣ ನಿಪ್ಪಲ್, ಅಂದರೆ ಕ್ಯಾಲಿಪರ್‌ನಿಂದ ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು. ಕ್ಯಾಲಿಪರ್ ಅಲ್ಯೂಮಿನಿಯಂ, ಏರ್ ತೆಗೆಯುವ ನಿಪ್ಪಲ್ ಕಬ್ಬಿಣದ್ದು. ನಡುವೆ ಉಪ್ಪುಗಾಳಿ, ಮಳೆ ನೀರು. ಮೇಲಿನ ರಬ್ಬರ್ ಟೋಪಿ ಮೊದಲ ಸರ್ವಿಸ್‌ನಲ್ಲೇ ಬಿದ್ದುಹೋಗಿರುತ್ತದೆ. ಮೂರ್ನಾಲ್ಕು ವರ್ಷ ಮುಟ್ಟದಿದ್ದರೆ ಎರಡೂ ಕಚ್ಚಿಕೊಳ್ಳುತ್ತವೆ. ಬಿಚ್ಚಲು ಹೋದರೆ ನಿಪ್ಪಲ್ ಮುರಿಯುತ್ತದೆ, ಕ್ಯಾಲಿಪರ್ ಹಾಳಾಗುತ್ತದೆ, ಗಿರಾಕಿ ಜಗಳಕ್ಕೆ ಬರುತ್ತಾರೆ. ಹಾಗಾಗಿ ಮೆಕ್ಯಾನಿಕ್ ಕೆಳಗೆ ಮುಟ್ಟುವುದಿಲ್ಲ. ಮೇಲಿನ ಡಬ್ಬಿಯಲ್ಲಿದ್ದದ್ದನ್ನು ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿ, "ಬದಲಿಸಿದ್ದೇವೆ" ಅನ್ನುತ್ತಾನೆ. ಬಿಸಿಯಾಗುವ ಆಯಿಲ್ ಕೆಳಗೆ ಕ್ಯಾಲಿಪರ್‌ನಲ್ಲಿ ಹಳೆಯದೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿದರೆ ನಿಪ್ಪಲ್ ಕಚ್ಚಿಕೊಳ್ಳುವುದೇ ಇಲ್ಲ. ವರ್ಷದ ಲೆಕ್ಕಕ್ಕೆ ನಾನು ಹಟ ಹಿಡಿಯುವುದು ಇದಕ್ಕಾಗಿಯೂ ಹೌದು.

ಹಳೆ ಬೈಕ್ ಆದರೆ ಹಿಂದಿನ ದಿನವೇ ನಿಪ್ಪಲ್ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಡಿಸ್ಕಿಗೆ, ಪ್ಯಾಡಿಗೆ ತಾಗದ ಹಾಗೆ ಹಳೆ ಬಟ್ಟೆ ಸುತ್ತಿರಿ. ಬಿಚ್ಚುವಾಗ ರಿಂಗ್ ಸ್ಪ್ಯಾನರೇ ಬೇಕು, ಸಾಮಾನ್ಯವಾಗಿ 8ರದ್ದು. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆ ಸವೆಯುತ್ತದೆ. ಹ್ಯಾಂಡಲ್ ತಿರುಗಿಸಿ ಡಬ್ಬಿ ಸಮತಟ್ಟಾಗಿ ನಿಲ್ಲಿಸಿ. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿ, ಯಾಕೆಂದರೆ ಈ ಆಯಿಲ್ ಪೇಂಟ್ ತಿನ್ನುತ್ತದೆ. ಬಿದ್ದರೆ ತಕ್ಷಣ ನೀರು ಹೊಯ್ಯಿರಿ, ನೀರಿನಲ್ಲಿ ಕರಗಿ ಹೋಗುತ್ತದೆ. ಮುಚ್ಚಳದ ಸ್ಕ್ರೂಗೆ ಸರಿಯಾಗಿ ಕೂರುವ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು, ಮೇಲಿಂದ ಒಂದು ಮೆಲ್ಲನೆ ಪೆಟ್ಟು ಕೊಟ್ಟು ಆಮೇಲೆ ತಿರುಗಿಸಿ.

ಹಳೆ ಆಯಿಲ್ ಸಿರಿಂಜಿನಲ್ಲಿ ತೆಗೆದು, ತಳವನ್ನು ಧೂಳು ಬಿಡದ ಬಟ್ಟೆಯಲ್ಲಿ ಒರೆಸಿ, ಹೊಸದು ತುಂಬಿ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಅದರ ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಆಯಿಲ್‌ನೊಳಗೆ ಮುಳುಗಿರಲಿ. ಲಿವರ್ ಒತ್ತಿ, ಒತ್ತಿಯೇ ಹಿಡಿದು ನಿಪ್ಪಲ್ ಕಾಲು ಸುತ್ತು ಬಿಡಿಸಿ. ಆಯಿಲ್ ಹೊರಗೆ ಹೋಗುತ್ತದೆ, ಲಿವರ್ ಹಿಡಿಕೆಗೆ ಬರುತ್ತದೆ. ಮೊದಲು ನಿಪ್ಪಲ್ ಮುಚ್ಚಿ, ಆಮೇಲೆ ಲಿವರ್ ಬಿಡಿ. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಮೇಲೆ ಡಬ್ಬಿ ಖಾಲಿಯಾಗದಂತೆ ಒಬ್ಬರು ನೋಡುತ್ತಿರಬೇಕು. ಪೈಪಿನಲ್ಲಿ ಮೊದಲು ಕಂದು ಬರುತ್ತದೆ, ಕೆಲವೊಮ್ಮೆ ಕಪ್ಪು ಕಣ ಬರುತ್ತವೆ, ಆಮೇಲೆ ತಿಳಿಯಾದ ಹೊಸ ಆಯಿಲ್ ಬರುತ್ತದೆ. ಅದು ಬಂದ ಮೇಲೂ ಇನ್ನೊಂದಿಷ್ಟು ಸಲ ಒತ್ತಿ ಬಿಡಿ. ಮುಗಿದ ಮೇಲೆ ನಿಪ್ಪಲ್ ಒರೆಸಿ ರಬ್ಬರ್ ಟೋಪಿ ಹಾಕಿ. ಅದು ಕಳೆದುಹೋಗಿದ್ದರೆ ಹೊಸದು ತನ್ನಿ. ಬೈಕ್ ಹತ್ತುವ ಮುಂಚೆ ಲಿವರ್ ಗಟ್ಟಿಯಾಗಿದೆಯಾ ಅಂತ ನಿಂತಲ್ಲೇ ನೋಡಿ, ಆಮೇಲೆ ಅಂಗಳದಲ್ಲಿ ನಿಧಾನಕ್ಕೆ. ಇದರಲ್ಲಿ ಕೈ ಪಳಗಿಲ್ಲದಿದ್ದರೆ ಗ್ಯಾರೇಜಿನಲ್ಲೇ ಮಾಡಿಸಿ, ಆದರೆ ಎದುರು ನಿಂತು ಮಾಡಿಸಿ.

ಬಣ್ಣದ ಬಗ್ಗೆ ಎರಡು ಮಾತು. ಆಯಿಲ್ ತಿಳಿಯಾಗಿದೆ, ಬದಲಿಸುವುದು ಬೇಡ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕರಗಿದ ನೀರಿಗೆ ಬಣ್ಣ ಇಲ್ಲ. ತಿಳಿಯಾದ ಆಯಿಲಿನಲ್ಲೂ ನೀರು ತುಂಬಿರಬಹುದು. ಕಪ್ಪಾಗಿದ್ದರೆ ಬದಲಿಸಲೇಬೇಕು, ತಿಳಿಯಾಗಿದೆ ಅನ್ನುವುದು ಮಾತ್ರ ಏನನ್ನೂ ಹೇಳುವುದಿಲ್ಲ. ಮಟ್ಟ ಇಳಿದಿದೆ ಅಂತ ಸುಮ್ನೆ ಮೇಲಿಂದ ತುಂಬಿಸಬೇಡಿ. ಮೊದಲು ಪ್ಯಾಡ್ ನೋಡಿ, ಅದು ಸವೆದಿರುತ್ತದೆ. ಪ್ಯಾಡ್ ಚೆನ್ನಾಗಿದ್ದೂ ಮಟ್ಟ ಇಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಆಯಿಲ್ ಕೊಳ್ಳುವಾಗ ಸಣ್ಣ ಬಾಟಲಿಯನ್ನೇ ಕೊಳ್ಳಿ. ಒಮ್ಮೆ ಸೀಲ್ ಒಡೆದು ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಗ್ಯಾರೇಜಿನಲ್ಲಿ ಅರ್ಧ ಖಾಲಿಯಾದ ಬಾಟಲಿಯಿಂದ ಹಾಕಲು ಬಂದರೆ ಬೇಡ ಅನ್ನಿ. ಆ ಬಾಟಲಿ ಒಂದು ಮಳೆಗಾಲ ಅಲ್ಲೇ ಕಪಾಟಿನಲ್ಲಿ ಕಳೆದಿರಬಹುದು.

ಇಷ್ಟು ನನ್ನ ಮಾತು. ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು, "ಡಾಟ್ 5.1 ಹಾಕಿದರೆ ಎರಡು ವರ್ಷ ಬಿಡಬಹುದಾ?" ಡಾಟ್ 4 ಹಾಕುವ ಬೈಕಿಗೆ 5.1 ಹೊಂದುತ್ತದೆ, ಎರಡೂ ಗ್ಲೈಕಾಲ್ ಜಾತಿಯವೇ. ಬಿಸಿ ತಡೆಯುವ ಶಕ್ತಿ ಜಾಸ್ತಿ ನಿಜ. ಆದರೆ ಅದೂ ನೀರು ಕುಡಿಯುತ್ತದೆ. ದುಡ್ಡು ಜಾಸ್ತಿ ಕೊಟ್ಟು ಎರಡು ವರ್ಷ ಬಿಡುವುದಕ್ಕಿಂತ, ಡಾಟ್ 4 ಹಾಕಿ ಪ್ರತಿ ವರ್ಷ ಬದಲಿಸುವುದೇ ಮೇಲು. ಡಾಟ್ 5 ಮಾತ್ರ ಬೇರೆಯೇ ವಸ್ತು, ಅದು ಸಿಲಿಕೋನ್. ನೀರು ಕುಡಿಯುವುದಿಲ್ಲ, ಆದರೆ ಒಳಬಂದ ನೀರು ಹನಿಯಾಗಿ ಕೂರುತ್ತದೆ. ಗ್ಲೈಕಾಲ್ ಆಯಿಲ್ ಜೊತೆ ಅದು ಬೆರೆಯುವುದೂ ಇಲ್ಲ. ಹಾರ್ಲೆ ಡೇವಿಡ್‌ಸನ್ ಹಿಂದೆ ಡಾಟ್ 5 ಬಳಸುತ್ತಿತ್ತು, ಆಮೇಲೆ ಡಾಟ್ 4ಕ್ಕೆ ಬಂತು. ನಮ್ಮ ಬೈಕುಗಳಿಗೆ ಅದು ಬೇಡ. ಅಂಕಿ ಹತ್ತಿರ ಇದೆ ಅಂತ ಅಂಗಡಿಯಲ್ಲಿ ಮೋಸ ಹೋಗಬೇಡಿ.

"ಆನ್‌ಲೈನಿನಲ್ಲಿ ಸಿಗುವ ಪೆನ್ನಿನಂಥ ಮೀಟರ್ ನಂಬಬಹುದಾ?" ಅದು ಕರೆಂಟ್ ಹರಿಯುವುದನ್ನು ನೋಡಿ ನೀರನ್ನು ಅಂದಾಜು ಮಾಡುತ್ತದೆ. ಬೇರೆ ಬೇರೆ ಕಂಪನಿಯ ಆಯಿಲಿಗೆ ಬೇರೆ ಬೇರೆ ತೋರಿಸಬಹುದು. ಮೇಲಾಗಿ ನೀವು ಅದ್ದುವುದು ಡಬ್ಬಿಯಲ್ಲಿ, ಕುದಿಯುವುದು ಕ್ಯಾಲಿಪರ್‌ನಲ್ಲಿ. ಕೆಂಪು ದೀಪ ಬಂದರೆ ಬದಲಿಸಿ. ಹಸಿರು ಬಂತು ಅಂತ ವರ್ಷ ದಾಟಿಸಬೇಡಿ.

ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ, ಅದರ ಬಗ್ಗೆ ಇಬ್ಬರು ಕೇಳಿದರು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯ ಆಗಿದೆ. ಹಾಗಾಗಿ ಈಗ ರಸ್ತೆಯಲ್ಲಿರುವ ಎಷ್ಟೋ ಬೈಕಿನಲ್ಲಿ ಅದು ಇದೆ. ಅದರ ಯೂನಿಟ್ ಒಳಗೆ ಕೂದಲೆಳೆಯಂಥ ದಾರಿಗಳು, ಸಣ್ಣ ವಾಲ್ವ್‌ಗಳು ಇರುತ್ತವೆ. ನೀರು ಸೇರಿದ ಆಯಿಲಿನಿಂದ ಅಲ್ಲಿ ತುಕ್ಕು ಹಿಡಿದರೆ ರಿಪೇರಿ ಆಗುವುದು ಕಷ್ಟ. ಪೂರ್ತಿ ಯೂನಿಟ್ಟೇ ಬದಲಿಸಬೇಕು, ಅದು ಸಾವಿರಗಟ್ಟಲೆ ಖರ್ಚು. ಮೊದಲು ಹೇಳಿದ ರೀತಿಯಲ್ಲೇ ಆಯಿಲ್ ಬದಲಿಸಿದರೆ ಮುಖ್ಯ ದಾರಿಯ ಆಯಿಲ್ ಹೊಸದಾಗುತ್ತದೆ. ಯೂನಿಟ್ ಒಳಗಿನ ಮೂಲೆಯಲ್ಲಿ ಸ್ವಲ್ಪ ಹಳೆಯದು ಉಳಿಯಬಹುದು. ಶೋರೂಮಿನಲ್ಲಿ ಸ್ಕ್ಯಾನರ್ ಇದ್ದರೆ ಅದನ್ನೂ ತಳ್ಳಿ ತೆಗೆಯಲು ಆಗುತ್ತದೆ, ಕೇಳಿ ಮಾಡಿಸಿ. ಡಬ್ಬಿ ಖಾಲಿಯಾಗಿ ಯೂನಿಟ್‌ಗೆ ಗಾಳಿ ಹೋದರೆ ತೆಗೆಯುವುದು ತುಂಬಾ ಕಷ್ಟ, ಎಬಿಎಸ್ ಬೈಕಿನಲ್ಲಿ ಆ ಒಂದು ಎಚ್ಚರಿಕೆ ಇನ್ನೂ ಜಾಸ್ತಿ ಇರಲಿ.

ಹಿಂದೆ ಕೂತಿದ್ದ ಅಕ್ಕ ಒಬ್ಬರು ಸ್ಕೂಟರ್ ಬಗ್ಗೆ ಕೇಳಿದರು. ಎರಡೂ ಕಡೆ ಡ್ರಮ್ ಬ್ರೇಕ್, ಕೇಬಲ್ ಇರುವ ಸ್ಕೂಟರ್‌ಗೆ ಈ ಆಯಿಲೇ ಇಲ್ಲ. ಮುಂದೆ ಡಿಸ್ಕ್ ಇದ್ದರೆ ಬೈಕಿಗೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ. ಸ್ಕೂಟರ್‌ನಲ್ಲಿ ಗೇರ್ ಇಲ್ಲ, ಇಳಿಜಾರಿನಲ್ಲಿ ಎಂಜಿನ್ ತಡೆಯುವುದು ಕಡಿಮೆ. ಘಾಟಿ ಇಳಿಯುವ ಸ್ಕೂಟರ್‌ಗೆ ಹೊಸ ಆಯಿಲಿನ ಅಗತ್ಯ ಬೈಕಿಗಿಂತ ಹೆಚ್ಚೇ.

ಕೊನೆಯ ಪ್ರಶ್ನೆ, ತೆಗೆದ ಹಳೆ ಆಯಿಲ್ ಏನು ಮಾಡುವುದು? ಅಂಗಳಕ್ಕೆ, ಚರಂಡಿಗೆ ಚೆಲ್ಲಬೇಡಿ. ನಮ್ಮಲ್ಲಿ ಮನೆಗೊಂದು ಬಾವಿ ಇದೆ, ಈ ದ್ರವ ನೀರಿನಲ್ಲಿ ಕರಗುತ್ತದೆ, ಕುಡಿದರೆ ವಿಷ. ಎಂಜಿನ್ ಆಯಿಲ್ ಜೊತೆ ಬೆರೆಸಲೂ ಬೇಡಿ, ಬೆರೆಸಿದರೆ ಆ ಎಂಜಿನ್ ಆಯಿಲನ್ನು ಮತ್ತೆ ಶುದ್ಧ ಮಾಡುವವರಿಗೆ ತೊಂದರೆ. ಬೇರೆ ಡಬ್ಬಿಯಲ್ಲಿ ಹಾಕಿ, ಗಟ್ಟಿ ಮುಚ್ಚಿ, ಮೇಲೆ "ಹಳೆ ಬ್ರೇಕ್ ಆಯಿಲ್" ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಯಾವತ್ತೂ ಇಡಬೇಡಿ. ಮುಂದಿನ ಸಲ ಸರ್ವಿಸ್ ಸೆಂಟರ್‌ಗೆ ಹೋಗುವಾಗ ಹಳೆ ಆಯಿಲ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ, ಅಲ್ಲೇ ಕೊಟ್ಟು ಬನ್ನಿ.